ಕದ್ದ ಅನ್ನೋದು ಬ್ಯಾರೆ, ಕಳ್ಳ ಅನ್ನೋದು ಬ್ಯಾರೆ

ಓದುಗರ ಪ್ರಶ್ನೆ, ರಾಯಚೂರಿನಿಂದ ಉತ್ತರ

ಈ ಸಲ ಹದಿನೆಂಟು ಪ್ರಶ್ನೆ ಬಂದಾವ, ಅರ್ಧಕ್ಕರ್ಧ ವಾಟ್ಸಾಪ್‌ನಾಗ, ನಾಲ್ಕು ವಾಯ್ಸ್ ಮೆಸೇಜು (ದಯಮಾಡಿ ವಾಯ್ಸ್ ಕಳಿಸಬ್ಯಾಡ್ರಿ, ನಿಮ್ಮ ಮಾತಿಗಿಂತ ಹಿಂದಿನ ಟ್ರ್ಯಾಕ್ಟರ್ ಸೌಂಡೇ ಜಾಸ್ತಿ ಕೇಳ್ತದ), ಒಂದು ಮಾತ್ರ ಖರೇ ಖರೇ ಇನ್‌ಲ್ಯಾಂಡ್ ಲೆಟರ್. ಅದರಾಗ ಆರು ಆರಿಸ್ಕೊಂಡೀನಿ, ಯಾಕಂದ್ರ ಆ ಆರೂ ಸುತ್ತಿ ಬಳಸಿ ಮಾತಿನ ಜಗಳಾನೇ. ಮೊದಲನೇದಕ್ಕ ಉತ್ತರ ಉದ್ದ ಆಗ್ಯದ, ಚಾ ತಗೊಂಡು ಕುಂದ್ರಿ.

ಪ್ರಶ್ನೆ: ನಮ್ದು ಸಿಂಧನೂರು ತಾಲೂಕು, ತುಂಗಭದ್ರಾ ಎಡದಂಡೆ ಕಾಲುವಿ ಕೆಳಭಾಗ, ನಾಲ್ಕು ಎಕರೆ ನೆಲ್ಲು. ಹೋದ ಬ್ಯಾಸಗಿ ಬೆಳಿಗೆ ನಮ್ಮ ಪಾಳಿ ಇದ್ದ ರಾತ್ರಿ ಬಾಜು ಹೊಲದಾವ ತೂಬು ಎತ್ತಿ ನೀರು ತನ್ನ ಕಡಿ ಬಿಟ್ಕೊಂಡ. ನಾ ಬ್ಯಾಟರಿ ಹಿಡ್ಕೊಂಡು ಹೋದಾಗ ಅಲ್ಲೇ ಸಿಕ್ಕ, ಆಗ ನಾ "ಯಾಕಪಾ ಹಿಂಗ ಮಾಡಿದಿ" ಅಂದೆ ಅಷ್ಟ, ಆತ ತಲಿ ತಗ್ಗಿಸಿ ನಿಂತ. ಮರುದಿನ ಹನುಮಪ್ಪನ ಗುಡಿ ಕಟ್ಟಿಮ್ಯಾಲ ಹಿರಿಯರು ಕುಂತಾಗ ನಾ "ಈತ ಕಳ್ಳ" ಅಂದುಬಿಟ್ಟೆ. ದಂಡ ಕಟ್ಟಾಕ ರೊಕ್ಕ ಕಿಸೆದಾಗ ಇಟ್ಕೊಂಡು ಬಂದಾವ ಎದ್ದು ಹೋದ. ಎಂಟು ತಿಂಗಳಾತು ಮಾತಿಲ್ಲ ಕತಿ ಇಲ್ಲ, ನಮ್ಮ ಮನಿ ಮದುವಿಗೂ ಬರ್ಲಿಲ್ಲ. ನಾ ಅಂದಿದ್ದು ಸುಳ್ಳೇನ್ರಿ? ನೀರು ಕದ್ದಿದ್ದು ಖರೇನ ಅಲ್ಲ?

ಉತ್ತರ: ಕದ್ದಿದ್ದು ಖರೇನ. ಆದ್ರ ಕಟ್ಟಿಮ್ಯಾಲ ನೀವು ಅಂದಿದ್ದು ಅದಲ್ಲಲ್ಲ. ನನಗ ಮೂವತ್ತು ವರ್ಷ ಹೈಸ್ಕೂಲ್‌ನಾಗ ವ್ಯಾಕರಣ ಹೇಳಿದ ಚಟ ಇನ್ನೂ ಹೋಗಿಲ್ಲ, ಅದಕ್ಕ ಹೇಳ್ತೀನಿ: ಕದ್ದ ಅನ್ನೋದು ಕ್ರಿಯಾಪದ, ಕ್ರಿಯಾಪದಕ್ಕ ಕಾಲ ಇರ್ತದ, ಆ ರಾತ್ರಿ ಕದ್ದ, ಮುಗೀತು, ದಂಡ ಕಟ್ಟಿದ್ರ ಹರೀತು. ಕಳ್ಳ ಅನ್ನೋದು ನಾಮಪದ, ಅದಕ್ಕ ಕಾಲಾನೇ ಇಲ್ಲ, ಆತ ನಿನ್ನೆನೂ ಕಳ್ಳ ನಾಳೆನೂ ಕಳ್ಳ, ಮಗ ಸಾಲಿಗೆ ಹೋದ್ರ ಕಳ್ಳನ ಮಗ. ದಂಡ ಕಟ್ಟಿ ಕದ್ದಿದ್ದನ್ನ ತೀರಿಸಬಹುದು, ಕಳ್ಳ ಅನ್ನಿಸ್ಕೊಂಡಿದ್ದನ್ನ ಎಷ್ಟು ರೊಕ್ಕ ಕೊಟ್ಟು ತೀರಿಸೋದ್ರಿ? ಅದಕ್ಕ ಕಿಸೆದಾಗಿನ ರೊಕ್ಕ ಕಿಸೆದಾಗೇ ಇಟ್ಕೊಂಡು ಎದ್ದು ಹೋದ.

ಇನ್ನೊಂದು, ನಿಮ್ಮ ಪತ್ರದಾಗೇ ಅದ, ನೀವು ಗಮನಿಸಿಲ್ಲ ಅನಸ್ತದ. ಸಿಟ್ಟು ಜಾಸ್ತಿ ಇದ್ದಿದ್ದು ಯಾವಾಗ? ರಾತ್ರಿ, ನೀರು ಆತನ ಹೊಲಕ್ಕ ಹರಿಯೋದನ್ನ ಕಣ್ಣಾರೆ ನೋಡಿದಾಗ. ಆಗ ಬಾಯಾಗ ಬಂದಿದ್ದು "ಯಾಕಪಾ". ಮರುದಿನ ಸಿಟ್ಟು ಒಂದಿಷ್ಟು ಆರಿದ ಮ್ಯಾಲೆ ಬಂದಿದ್ದು "ಕಳ್ಳ". ಅಂದ್ರ ಆ ಶಬ್ದ ಬರೇ ಸಿಟ್ಟಿನಿಂದ ಬಂದಿದ್ದಲ್ಲ, ಕಟ್ಟಿಮ್ಯಾಲ ಕುಂತ ಇಪ್ಪತ್ತು ಮಂದಿಯಿಂದ ಬಂದಿದ್ದು. ಅವರಿಗೆ ಕೇಳಿಸಾಕ ಅಂದಿದ್ದು. ಇಬ್ಬರೇ ಇದ್ದಾಗ ಮಾತು ಎದುರಿಗಿರಾವನ ಮುಖ ನೋಡ್ಕೊಂಡು ಹುಟ್ತದ, ಮಂದಿ ಇದ್ದಾಗ ಅವರ ಮುಖ ನೋಡ್ಕೊಂಡು ಹುಟ್ತದ.

ಶಬ್ದ ಒಂದು ಸಲ ಹೊರಗ ಬಿತ್ತಂದ್ರ ಕೇಳಿದವರ ತಲಿಯೊಳಗಿನ ಘಟನೇನೇ ಬದಲಾಗ್ತದ, ಇದನ್ನ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತ ಜಾನ್ ಪಾಮರ್ ಅನ್ನೋರು 1974ರಾಗ ಪರೀಕ್ಷೆ ಮಾಡಿ ತೋರಿಸ್ಯಾರ. ಕಾಲೇಜು ಹುಡುಗರಿಗೆ ಕಾರ್ ಆಕ್ಸಿಡೆಂಟಿನ ಫಿಲ್ಮ್ ತೋರಿಸಿದ್ರು, ಆಮೇಲೆ ಸ್ಪೀಡ್ ಎಷ್ಟಿತ್ತು ಅಂತ ಕೇಳಿದ್ರು, ಆದ್ರ ಕೇಳೋವಾಗ ಕ್ರಿಯಾಪದ ಒಂದನ್ನೇ ಬದಲಿ ಮಾಡಿದ್ರು, ಕೆಲವರಿಗೆ ಕಾರು ಒಂದಕ್ಕೊಂದು "ತಾಗಿದಾಗ" ಅನ್ನೋ ಅರ್ಥದ ಶಬ್ದ, ಕೆಲವರಿಗೆ "ಅಪ್ಪಳಿಸಿ ನುಜ್ಜಾದಾಗ" ಅನ್ನೋ ಅರ್ಥದ್ದು. ತಾಗಿದಾಗ ಅಂತ ಕೇಳಿಸಿಕೊಂಡವರು ಹೇಳಿದ ಸರಾಸರಿ ಸ್ಪೀಡು ಗಂಟೆಗೆ 31.8 ಮೈಲು, ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರದು 40ರ ಮ್ಯಾಲೆ. ನೋಡಿದ ಫಿಲ್ಮ್ ಅವೇ ಮತ್ತ! ಎರಡನೇ ಸಲ ಬ್ಯಾರೆ ಹುಡುಗರಿಗೆ ಇನ್ನೊಂದು ಆಕ್ಸಿಡೆಂಟ್ ತೋರಿಸಿ, ಒಂದು ವಾರ ಬಿಟ್ಟು ಕರೆದು ಗಾಜು ಒಡೆದಿದ್ದು ನೋಡಿದ್ರೇನು ಅಂತ ಕೇಳಿದ್ರು. ಅಪ್ಪಳಿಸಿದ್ದು ಅಂತ ಕೇಳಿಸಿಕೊಂಡ 50 ಮಂದಿಯೊಳಗ 16 ಮಂದಿ ಹೌದು ನೋಡಿದ್ವಿ ಅಂದ್ರು, "ಬಡಿದಾಗ" ಅಂತ ಸಾದಾ ಶಬ್ದ ಕೇಳಿಸಿಕೊಂಡ 50ರಾಗ 7 ಮಂದಿ. ಫಿಲ್ಮಿನಾಗ ಗಾಜು ಒಡೆದೇ ಇರ್ಲಿಲ್ಲ.

ನಮ್ಮ ಕಡೀದೇ ಬೇಕಂದ್ರ 2024ರ ಆಗಸ್ಟ್ 10ರ ರಾತ್ರಿ ನೆನಪು ಮಾಡ್ಕೋರಿ. ತುಂಗಭದ್ರಾ ಡ್ಯಾಮಿನ 33 ಗೇಟಿನಾಗ 19ನೇ ಗೇಟಿನ ಚೈನ್ ಕಡಿದು ಗೇಟ್ ಕೊಚ್ಚಿ ಹೋತು. ನನಗ ಮಾನ್ವಿ ಕಡಿಯಿಂದ ನಮ್ಮ ತಂಗಿ ಫೋನ್ ಮಾಡಿದಾಕಿ "ಅಣ್ಣಾ, ಡ್ಯಾಮ್ ಒಡೀತಂತ" ಅಂದ್ಲು. ಅಷ್ಟಕ್ಕೇ ನನ್ನ ಕಣ್ಣ ಮುಂದ ಹಂಪಿ ಗುಡಿ, ಗಂಗಾವತಿ ಗದ್ದಿ, ಎಲ್ಲಾ ನೀರಾಗ ತೇಲಿಹೋದ್ವು. ಟಿವಿ ಹಚ್ಚಿ ನೋಡ್ತೀನಿ, ಡ್ಯಾಮ್ ನಿಂತಾದ, ಗೇಟ್ ಹೋಗ್ಯದ. ಗೇಟ್ ಹೋಗಿದ್ದೇನು ಸಣ್ಣ ಮಾತಲ್ಲ, ನದಿ ದಂಡಿ ಊರವರು ಹೆದರಿದ್ದು ಸುಮ್ನೆ ಅಲ್ಲ, ಬೆಳಿ ನೀರು ಹೊಳಿ ಪಾಲಾತು ಅಂತ ನಿಮ್ಮಂಥವರು ಅತ್ತಿದ್ದು ಸುಳ್ಳಲ್ಲ, ಒಂದು ವಾರದಾಗ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕ ಅಡ್ಡ ಇಳಿಸೋ ಉಕ್ಕಿನ ಹಲಗಿ) ಇಳಿಸಿ ನೀರು ನಿಲ್ಲಿಸೋತನ ಯಾರಿಗೂ ನಿದ್ದಿ ಇರ್ಲಿಲ್ಲ. ಆದ್ರೂ "ಗೇಟ್ ಹೋತು" ಅಂದಿದ್ರ ನಾ ಟಿವಿ ಹಚ್ತಿದ್ದೆ, "ಡ್ಯಾಮ್ ಒಡೀತು" ಅಂದಿದ್ದಕ್ಕ ಕೈ ನಡುಗಿ ರಿಮೋಟ್ ಸಿಗಲಿಲ್ಲ. ಇವತ್ತಿಗೂ ನಮ್ಮ ತಂಗಿ ಆ ವರ್ಷಕ್ಕ "ಡ್ಯಾಮ್ ಒಡೆದ ವರ್ಷ" ಅಂತಾಳ, ತಿದ್ದಾಕ ಹೋದ್ರ ನನಗೇ ಬೈತಾಳ.

ಒಂದು ಮಾತು ಹೊಟ್ಟಿ ಉರಿಗೆ ಹೇಳ್ತೀನಿ. ಮೇಲ್ಭಾಗದಾಗ ದೊಡ್ಡ ದೊಡ್ಡ ಪೈಪ್ ಹಾಕಿ ನೂರಾರು ಎಕರೆಗೆ ನೀರೆತ್ತೋದಕ್ಕ ಪೇಪರಿನಾಗ, ಮೀಟಿಂಗಿನಾಗ ಏನಂತಾರ ಗೊತ್ತಲ್ಲ? "ಅಕ್ರಮ ನೀರಾವರಿ". ಕೇಳಾಕ ಯಾವುದೋ ಯೋಜನೆ ಹೆಸರಿದ್ದಂಗ ಅದ. ಅಲ್ಲಿ ಯಾರೂ ಕಳ್ಳ ಅನ್ನಂಗಿಲ್ಲ. ನಾಲ್ಕು ಎಕರೆಯವ ಒಂದು ತೂಬು ಎತ್ತಿದ್ರ ಮಾತ್ರ ಕಳ್ಳ. ದೊಡ್ಡವರಿಗೆ ಮೆತ್ತನ್ನ ಶಬ್ದ, ನಮ್ಮ ಸಮಾನರಿಗೆ ಬಿರುಸು ಶಬ್ದ, ನಿಮ್ಮ ಬಾಯಿ ನನ್ನ ಬಾಯಿ ಎರಡೂ ಹಿಂಗೇ ರೂಢಿ ಆಗ್ಯಾವ.

ಏನು ಮಾಡಬೇಕು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಹಿರಿಯರನ್ನ ಕರ್ಕೊಂಡು ಹೋಗಬ್ಯಾಡ್ರಿ, ಮತ್ತ ಮಂದಿ ಮುಂದಿನ ಮಾತಾಗ್ತದ. ಮುಂದಿನ ಪಾಳಿ ರಾತ್ರಿ ಅದೇ ತೂಬಿನ ಹತ್ರ ಒಬ್ಬರೇ ಹೋಗ್ರಿ, ಆತ ಇದ್ದೇ ಇರ್ತಾನ.

ಪ್ರಶ್ನೆ: ಮೇ ತಿಂಗಳಾಗ ಪ್ಲಾಟ್ ವ್ಯವಹಾರ ಮಾತಾಡಬಾರ್ದು, ಬಿಸಿಲಿಗೆ ತಲಿ ಕೆಟ್ಟು ಹುಚ್ಚು ರೇಟಿಗೆ ಒಪ್ಕೋತೀವಿ ಅಂತ ನಮ್ಮ ಮಾವ ಅಂತಾರ. ಇದು ಮೂಢನಂಬಿಕೆನೋ ಸೈನ್ಸೋ? (ರಾಯಚೂರು)

ಉತ್ತರ: ನಿಮ್ಮ ಮಾವ ಅರ್ಧ ಸೈಂಟಿಸ್ಟು. 1983ರಾಗ ಶ್ವಾರ್ಜ್, ಕ್ಲೋರ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು ಅಮೆರಿಕದಾಗ ಮಂದಿಗೆ ಫೋನ್ ಹಚ್ಚಿ ನಿಮ್ಮ ಜೀವನ ಹ್ಯಾಂಗದ ಅಂತ ಕೇಳಿದ್ರಂತ, ಬಿಸಿಲು ಬಿದ್ದ ದಿನ ಚೊಲೊ ಅದ ಅಂದವರು ಜಾಸ್ತಿ, ಮಳಿ ದಿನ ಕಮ್ಮಿ. ಮಜಾ ಏನಂದ್ರ, ಮೊದಲಿಗೇ "ಅಲ್ಲಿ ಹವಾ ಹ್ಯಾಂಗದ" ಅಂತ ಕೇಳಿದ್ರ ಆ ವ್ಯತ್ಯಾಸ ಮಾಯ! ಓ, ಈ ಬ್ಯಾಸರ ಮಳಿದು, ಜೀವನದ್ದಲ್ಲ ಅಂತ ತಲಿಗೆ ಹೊಳೀತದ. ಮುಂದ ಭಾಳ ಮಂದಿಯನ್ನ ಕೇಳಿ ನೋಡಿದವರಿಗೆ ಹವಾದ ಪರಿಣಾಮ ಅಷ್ಟು ಸಿಗಲಿಲ್ಲ, ಹಂಗಾಗಿ ಇದನ್ನ ವೇದವಾಕ್ಯ ಮಾಡ್ಕೋಬ್ಯಾಡ್ರಿ. ಮತ್ತ ಅವರ ಬಿಸಿಲು ಬ್ಯಾರೆ ಸ್ವಾಮಿ, ಅಲ್ಲಿ ಬಿಸಿಲು ಬಿದ್ರ ಖುಷಿ, ರಾಯಚೂರಾಗ ಬಿಸಿಲು ಬಿದ್ರ ಬೈಗುಳ. ಪ್ಲಾಟ್ ನೋಡ್ರಿ, ಆದ್ರ ರೇಟ್ ಮಾತಾಡೋ ಮುಂಚೆ ಒಂದು ನಿಂಬಿಹಣ್ಣಿನ ಸೋಡಾ ಕುಡಿದು "ಏನ್ ಸೆಕಿ ಅದ ಮಾರಾಯ" ಅಂತ ಜೋರಾಗಿ ಅನ್ರಿ. ಸೋಡಾ ಏಜೆಂಟನ ಲೆಕ್ಕಕ್ಕಿರಲಿ.

ಪ್ರಶ್ನೆ: ನಾನು ಮೈಸೂರು ಕಡೆಯವಳು, ಕುಷ್ಟಗಿ ತಾಲೂಕಿನ ಒಂದು ಹಳ್ಳಿಗೆ ಟೀಚರಾಗಿ ಬಂದು ಒಂದು ವರ್ಷ ಆಯ್ತು. ಇಲ್ಲಿ ಮಕ್ಕಳಿಂದ ಹಿಡಿದು ಎಸ್‌ಡಿಎಂಸಿ (ಶಾಲೆ ಉಸ್ತುವಾರಿ ಸಮಿತಿ) ಅಧ್ಯಕ್ಷರವರೆಗೂ ಎಲ್ಲರೂ "ಯಾಕ್ರೀ" "ಏನ್ರೀ" ಅಂತಾನೇ ಮಾತು ಶುರು ಮಾಡ್ತಾರೆ, ಮೊದಲ ತಿಂಗಳು ದಿನಾ ಮನೆಗೆ ಬಂದು ಅಳ್ತಿದ್ದೆ, ನಾನೇನು ತಪ್ಪು ಮಾಡಿದೆ, ಯಾಕೆ ಎಲ್ಲರೂ ಜಗಳಕ್ಕೆ ಬರ್ತಾರೆ ಅಂತ. ಈಗ ಅದು ಮರ್ಯಾದೆ ಅಂತ ಗೊತ್ತಾಗಿದೆ ಆದ್ರೂ ಕಿವಿಗೆ ಬಿದ್ದ ತಕ್ಷಣ ಎದೆ ಧಸಕ್ ಅನ್ನುತ್ತೆ. ಯಾಕೆ?

ಉತ್ತರ: ನಿಮ್ಮ ತಲಿಗೆ ಗೊತ್ತಾಗ್ಯದ, ಎದಿಗೆ ಇನ್ನೂ ಟ್ರಾನ್ಸ್‌ಫರ್ ಆರ್ಡರ್ ಮುಟ್ಟಿಲ್ಲ! ನಿಮ್ಮ ಕಡಿ "ಏನ್ರೀ" ಅಂತ ಹೊರಗಿನವರು ಗಟ್ಟಿಯಾಗಿ ಅಂದ್ರ ಜಗಳದ ಮುನ್ಸೂಚನೆ, ನಮ್ಮ ಕಡಿ ಆ "ರೀ" ಇಲ್ಲದಿದ್ರೇ ಜಗಳ. ಒಂದು ಕೆಲಸ ಮಾಡ್ರಿ, ಯಾರು ಯಾರಿಗೆ "ರೀ" ಹಚ್ಚಂಗಿಲ್ಲ ಅನ್ನೋದನ್ನ ಒಂದು ದಿನ ಕುಂತು ನೋಡ್ರಿ. ರೋಜರ್ ಬ್ರೌನ್ ಮತ್ತ ಆಲ್ಬರ್ಟ್ ಗಿಲ್ಮನ್ ಅಂತ ಇಬ್ಬರು 1960ರಾಗ ಯುರೋಪಿನ ಭಾಷೆಗಳ ನೀನು-ನೀವು ಬಗ್ಗೆ ಬರೆದಾರ, ಅದರ ಸಾರ ಇಷ್ಟು, ಒಂದು ಕಾಲಕ್ಕ ಅಲ್ಲಿ ಮ್ಯಾಲಿನವ ಕೆಳಗಿನವಗ "ನೀನು" ಅಂತಿದ್ದ, ಕೆಳಗಿನವ ತಿರುಗಿ "ನೀವು" ಅನ್ನಬೇಕಿತ್ತು, ಕಾಲ ಹೋದಂಗ ಅಧಿಕಾರದ ಲೆಕ್ಕ ಸಡಿಲಾಗಿ ಸಲಿಗೆಯ ಲೆಕ್ಕ ಬಂತು, ಹತ್ರದವರು ಪರಸ್ಪರ ನೀನು, ದೂರದವರು ಪರಸ್ಪರ ನೀವು. ನಮ್ಮಲ್ಲಿ ಎರಡೂ ಲೆಕ್ಕ ಒಂದೇ ಓಣಿಯಾಗ ನಡೀತಾವ. ಅವ್ವಗ "ನೀ" ಅಂತೀವಿ, ಅದು ಪ್ರೀತಿ. ಅಳಿಯ ಇಪ್ಪತ್ತೈದರ ಹುಡುಗ ಆದ್ರೂ "ಬರ್ರಿ", ಅದು ಬೀಗತನ. ಅರವತ್ತು ದಾಟಿದ ಆಳುಮಗ ಹೆಗಲ ಮ್ಯಾಲೆ ಟವೆಲ್ ಹಾಕ್ಕೊಂಡು ಅಂಗಳದಾಗ ನಿಂತಿರ್ತಾನ, ಗೌಡರ ಮನಿ ಏಳು ವರ್ಷದ ಹುಡುಗ ಒಳಗಿಂದ "ಏ, ಬಾರೋ ಇಲ್ಲಿ" ಅಂತದ, ಅಂವ "ಬಂದ್ನಿರೀ ಸಣ್ಣ ಧಣೇರ" ಅಂತಾನ. ಆ ಹುಡುಗಗ ಜಾತಿ ಅಂದ್ರೇನು ಅಂತ ಇನ್ನೂ ಯಾರೂ ಹೇಳಿರಂಗಿಲ್ಲ, ಆದ್ರ ಯಾರಿಗೆ ರೀ ಹಚ್ಚಬಾರದು ಅನ್ನೋದು ಆಗ್ಲೇ ನಾಲಿಗಿಗೆ ಬಂದುಬಿಟ್ಟಿರ್ತದ, ದೊಡ್ಡವನಾದ ಮ್ಯಾಲೆ ಆ ಮುದುಕನ ಮಾತಿಗೆ ಸಾಕ್ಷಿ ಕಟ್ಟಿಮ್ಯಾಲ ಎಷ್ಟು ಬೆಲಿ ಕೊಡಬೇಕು ಅನ್ನೋ ತೀರ್ಮಾನಾನೂ ಅಲ್ಲೇ ಆಗಿರ್ತದ.

ಟೀಚರೇ, ನಿಮ್ಮ ಕ್ಲಾಸಿನಾಗ ಬಿಸಿಯೂಟದ ಅಡಿಗಿ ಅಮ್ಮಗ ಮಕ್ಕಳು ಏನಂತ ಕರೀತಾರ ನೋಡಿ ಮುಂದಿನ ಪತ್ರದಾಗ ಬರೀರಿ. ಎದಿ ಧಸಕ್ ಅನ್ನೋದು ಇನ್ನೊಂದು ವರ್ಷದಾಗ ಹೋಗ್ತದ, ಊರಿಗೆ ಹೋದಾಗ ನೀವೇ ಬಸ್ ಕಂಡಕ್ಟರಿಗೆ ಏನ್ರೀ ಅಂದು ಬೈಸ್ಕೊಂತೀರಿ.

ಪ್ರಶ್ನೆ: ನಮ್ದು ಬಳ್ಳಾರಿ, ಮನೇಲಿ ತೆಲುಗು, ಹೊರಗೆ ಕನ್ನಡ. ಮಗ ಇಂಜಿನಿಯರ್. ಮೊನ್ನೆ ಏನೋ ಒರಟಾಗಿ ಮಾತಾಡಿ ಆಮೇಲೆ "ಸಾರಿ ಮಮ್ಮಿ" ಅಂದ, ನಂಗೆ ಅದು ಸಾರಿ ಕೇಳಿದಂಗೇ ಅನ್ಸಲಿಲ್ಲ. ಅವನು ಇನ್ನೆಷ್ಟು ಸಲ ಕೇಳ್ಬೇಕು ಅಂತಾನೆ. ನಂದೇ ತಪ್ಪಾ?

ಉತ್ತರ: ನಿಮ್ಮ ತಪ್ಪಿಲ್ಲಮ್ಮ, ಅವನದೂ ಪೂರ್ತಿ ತಪ್ಪಲ್ಲ. 2003ರಾಗ ಕ್ಯಾಥರಿನ್ ಹ್ಯಾರಿಸ್ ಮತ್ತ ಅವರ ಜೋಡಿದಾರರು ಟರ್ಕಿಶ್ ಮಾತೃಭಾಷೆ ಇದ್ದು ಆಮೇಲೆ ಇಂಗ್ಲಿಷ್ ಕಲಿತವರ ಬೆರಳಿಗೆ ಬೆವರು ಅಳೆಯೋ ಯಂತ್ರ ಹಚ್ಚಿ ಎರಡೂ ಭಾಷೆ ಶಬ್ದ ಕೇಳಿಸಿದ್ರು. ಸಣ್ಣೋರಿದ್ದಾಗ ಅವ್ವ ಅಪ್ಪ ಗದರೋ ಮಾತು, "ನಾಚಿಕಿ ಆಗಂಗಿಲ್ಲೇನು" ಅನ್ನೋ ಥರದ್ದು, ಟರ್ಕಿಶ್‌ನಾಗ ಬಂದಾಗ ಮೈ ಜಾಸ್ತಿ ಬೆವರ್ತು, ಇಂಗ್ಲಿಷಿನಾಗ ಅದೇ ಗದರಿಕೆಗೆ ಅಷ್ಟಿಲ್ಲ. ಭಾಷೆ ಕಲಿತಾಗ ಜೊತೆಗೆ ಯಾರ ಕೈಯಾಗ ಏಟು ತಿಂದಿದ್ವಿ, ಯಾರ ಸೆರಗಿನಾಗ ಅತ್ತಿದ್ವಿ, ಅದೂ ಶಬ್ದಕ್ಕ ಅಂಟ್ಕೊಂಡು ಬರ್ತದ. ಸಾರಿ ಅನ್ನೋದಕ್ಕ ಅಂಥದ್ದೇನೂ ಅಂಟಿಲ್ಲ, ಬಸ್‌ನಾಗ ಕಾಲು ತುಳಿದ್ರೂ ಸಾರಿ, ಅವ್ವನ ಮನಸ್ಸು ತುಳಿದ್ರೂ ಸಾರಿ. "ತಪ್ಪಾತವ್ವ" ಅಂತ ಅಂದು ನೋಡು ಅಂತ ಹೇಳ್ರಿ ಅವನಿಗೆ, ಇಲ್ಲಾ ತೆಲುಗಿನಾಗೇ "ತಪ್ಪೈಂದಮ್ಮಾ" ಅನ್ನಲಿ, ಅರ್ಧಕ್ಕೇ ಗಂಟಲು ಕಟ್ತದ, ಅದಕ್ಕೇ ಈಗಿನ ಹುಡುಗರು ಸಾರಿ ಹಿಂದ ಬಚ್ಚಿಟ್ಕೊಳ್ಳೋದು.

ಇದಕ್ಕ ಇನ್ನೊಂದು ಮಗ್ಗಲ ಅದ. ಪರಭಾಷೆಯ ಆ ತಣ್ಣನೆಯಿಂದ ಲಾಭಾನೂ ಆಗ್ತದ. ಚಿಕಾಗೋದ ಬೋಝ್ ಕೇಸರ್ ಮತ್ತ ಅವರ ಜೋಡಿದಾರರು 2012ರಾಗ ತೋರಿಸಿದ್ದು, "ಇಷ್ಟು ಉಳೀತದ" ಅಂತ ಹೇಳಿದ್ರ ಒಂಥರಾ, "ಇಷ್ಟು ಹೋಗ್ತದ" ಅಂತ ಹೇಳಿದ್ರ ಇನ್ನೊಂಥರಾ ತೀರ್ಮಾನ ಮಾಡೋ ಮಂದಿ, ಅದೇ ಲೆಕ್ಕಾನ ಕಲಿತ ಭಾಷೆದಾಗ ಓದಿದ್ರ ಆ ಮೋಸಕ್ಕ ಅಷ್ಟು ಬೀಳಂಗಿಲ್ಲ. ಅದಕ್ಕ ಚೀಟಿ ಕಂಪನಿ ಏಜೆಂಟ್ ಬಂದು ಚಂದ ತೆಲುಗಿನಾಗ "ಅಕ್ಕಾ" ಅಂದ್ರ ಮಗನಿಗೆ ಹೇಳಿ ಇಂಗ್ಲಿಷ್‌ನಾಗ ಓದಿಸ್ರಿ. ಸಾರಿಗೆ ತೆಲುಗು, ಸಾಲಕ್ಕ ಇಂಗ್ಲಿಷು.

ಪ್ರಶ್ನೆ: ಕಾಂಪಿಟೇಟಿವ್ ಎಕ್ಸಾಮ್‌ಗೆ ಓದಕತ್ತೀನಿ, ಇಂಟರ್‌ವ್ಯೂದಾಗ "ಭಾವನೆ ಬದಿಗಿಟ್ಟು ತೀರ್ಮಾನ ತಗೋತೀನಿ" ಅಂತ ಹೇಳಿದ್ರ ಮಾರ್ಕ್ಸ್ ಬೀಳ್ತಾವೇನ್ರಿ? (ಗಂಗಾವತಿ)

ಉತ್ತರ: ಮಾರ್ಕ್ಸ್ ಬಿದ್ರೂ ಬೀಳಬಹುದು, ಮಾತು ಮಾತ್ರ ಸುಳ್ಳು. ಆಂಟೋನಿಯೋ ಡಮಾಸಿಯೋ ಅನ್ನೋ ನರರೋಗ ತಜ್ಞ ನೋಡಿದ ಕೆಲವು ರೋಗಿಗಳಿಗೆ ಮೆದುಳಿನ ಮುಂಭಾಗಕ್ಕ ಪೆಟ್ಟಾಗಿ ಬುದ್ಧಿ, ನೆನಪು, ಲೆಕ್ಕ ಎಲ್ಲಾ ಸರಿ ಇದ್ವು, ಭಾವನೆ ಮಾತ್ರ ಸಪ್ಪಗಾಗಿತ್ತು. ಅವರು ದೊಡ್ಡ ನ್ಯಾಯಾಧೀಶರಾಗಬೇಕಿತ್ತಲ್ಲ? ಮುಂದಿನ ಸಲ ಬರಾಕ ಎರಡು ತಾರೀಖು ಕೊಟ್ರ ಒಬ್ಬಾತ ಅರ್ಧ ಗಂಟಿ ಹತ್ರ ಅದಕ್ಕ ಇದಕ್ಕ ಕಾರಣ ಎಣಿಸ್ತಾ ಕುಂತ, ಕಡಿಗೆ ಡಾಕ್ಟರೇ ಎರಡನೇದಕ್ಕ ಬಾ ಅಂದ್ರು, ಆಯ್ತು ಅಂತ ಎದ್ದು ಹೋದ. ಇಂಟರ್‌ವ್ಯೂದಾಗ ಏನರ ಹೇಳ್ರಿ, ಆದ್ರ ತಹಶೀಲ್ದಾರ್ ಆದ ಮ್ಯಾಲೆ ಪಿಂಚಣಿ ನಿಂತ ಮುದುಕಿ ಟೇಬಲ್ ಮುಂದ ನಿಂತಾಗ ಭಾವನೆ ಬದಿಗಿಡಬ್ಯಾಡ್ರಿ, ಫೈಲ್ ಅಲ್ಲೇ ಮಲಗ್ತದ.

ಪ್ರಶ್ನೆ: (ಇದೇ ಇನ್‌ಲ್ಯಾಂಡ್ ಲೆಟರ್, ಯಲಬುರ್ಗಾ ತಾಲೂಕು, ಹೆಸರು ಹಾಕಬ್ಯಾಡ್ರಿ ಅಂದಾರ) ನಾವು ಹದಿಮೂರು ಮಂದಿ ಹೆಣ್ಮಕ್ಕಳ ಸಂಘ ಐತಿ. ಹೋದ ಸಲ ಅಧ್ಯಕ್ಷಿ ತನ್ನ ಅಕ್ಕನ ಮಗಳಿಗೆ ಐವತ್ತು ಸಾವಿರ ಸಾಲ ಕೊಡೂಣು ಅಂದ್ಲು, ಹಿಂದಿನ ಸಾಲಾನ ಆಕಿ ತೀರಿಸಿಲ್ಲ, ಎಲ್ಲಾರಿಗೂ ಗೊತ್ತೈತಿ. "ಎಲ್ಲಾರೂ ಒಪ್ಪಿದ್ರಲ್ಲ" ಅಂತ ಕೇಳಿದ್ಲು, ಒಬ್ಬೊಬ್ಬರ ಹೂಂ ಅಂದ್ರು, ನನ್ನ ಪಾಳಿ ಬಂದಾಗ ನಾನೂ ಹೂಂ ಅಂದೆ. ಮನಿಗೆ ಬಂದು ನನಗ ನಾನ ಬೈಕೊಂಡೆ. ನನಗ ಧೈರ್ಯ ಇಲ್ಲೇನ್ರಿ?

ಉತ್ತರ: ಅವ್ವಾ, ನೀವು ಎಷ್ಟನೇಯವರಾಗಿ ಕುಂತಿದ್ರಿ ಅಂತ ಬರೆದಿಲ್ಲ, ಕೊನಿಕೊನಿಗೇ ಇರಬೇಕು. ಸಾಲೊಮನ್ ಆಶ್ ಅನ್ನಾತ 1951ರಾಗ ಪ್ರಕಟಿಸಿದ ಒಂದು ಪರೀಕ್ಷೆ ನಿಮ್ಮ ಮೀಟಿಂಗ್ ಇದ್ದಂಗೇ ಅದ. ಒಂದು ಗೆರಿ ತೋರಿಸಿ, ಇನ್ನೂ ಮೂರು ಗೆರಿಯೊಳಗ ಇದರಷ್ಟೇ ಉದ್ದದ್ದು ಯಾವುದು ಅಂತ ಕೇಳೋದು, ಸಣ್ಣ ಮಗೂನೂ ಹೇಳ್ತದ. ಆದ್ರ ಕುಂತವರೊಳಗ ಒಬ್ಬನ್ನ ಬಿಟ್ಟು ಉಳಿದವರೆಲ್ಲಾ ಆಶ್‌ನ ಕಡಿಯವರು, ಬೇಕಂತಲೇ ಒಬ್ಬರ ಹಿಂದ ಒಬ್ಬರು ತಪ್ಪು ಗೆರಿ ತೋರಿಸ್ತಾರ, ಕಡಿಗೆ ಈತನ ಪಾಳಿ. ಮೂರರಾಗ ಹೆಚ್ಚು ಕಡಿಮಿ ಒಂದು ಸಲ ಈತಾನೂ ತಪ್ಪು ಗೆರೀನೇ ತೋರಿಸ್ದ, ನಾಲ್ವರಾಗ ಮೂವರು ಒಂದು ಸಲಾನರ ಮಂದಿ ಮಾತಿಗೆ ಹೂಂ ಅಂದ್ರು. ಕಣ್ಣ ಮುಂದಿನ ಗೆರಿಗೇ ಹಿಂಗ. ಅಲ್ಲಿ ಕುಂತವರೇನು ನಾಳಿ ನಲ್ಲಿ ಹತ್ರ ಕೊಡ ಹಿಡ್ಕೊಂಡು ಒಬ್ಬರ ಮುಖ ಒಬ್ಬರು ನೋಡಬೇಕಾದವರಲ್ಲ. ನಿಮ್ಮ ಹೂಂ ಒಳಗ ಆ ನಲ್ಲಿ ಸಾಲೂ ಇತ್ತು.

ಆಮೇಲೆ ಆಶ್ ಇನ್ನೊಂದು ಮಾಡಿದ. ಗುಂಪಿನಾಗ ಒಬ್ಬಾತ ಸರಿ ಗೆರಿ ತೋರಿಸೋ ಹಂಗ ಮಾಡಿದ, ಒಬ್ಬನೇ ಒಬ್ಬ. ಅಷ್ಟಕ್ಕೇ ತಪ್ಪು ಹೂಂ ಕಾಲುಭಾಗಕ್ಕ ಇಳೀತು. ಬಾಯಿಲೆ ಹೇಳೋದರ ಬದಲಿ ಚೀಟಿದಾಗ ಬರೆದು ಕೊಡು ಅಂದ್ರೂ ಭಾಳ ಇಳೀತು.

ಹದಿಮೂರು ಮಂದಿಯೊಳಗ ನಿಮ್ಮಂಗ ಮನಿಗೆ ಹೋಗಿ ಬೈಕೊಂಡಾಕಿ ಇನ್ನೊಬ್ಬಾಕಿ ಇದ್ದೇ ಇದ್ದಾಳ. ಹೂಂ ಅನ್ನೋವಾಗ ಯಾರು ಸೆರಗಿನ ಅಂಚು ತಿರುವ್ತಾ ನೆಲ ನೋಡ್ತಿದ್ರು ನೆನಪು ಮಾಡ್ಕೋರಿ, ಮೀಟಿಂಗಿಗೆ ಮುಂಚೆ ಆಕಿ ಮನಿಗೆ ಉಪ್ಪಿನಕಾಯಿ ನೆಪ ಮಾಡಿ ಹೋಗಿ ಬರ್ರಿ. ಮೀಟಿಂಗಿನಾಗ "ಕೊಡಬ್ಯಾಡ್ರಿ" ಅಂತ ಅನ್ನೋದೇನು ಬ್ಯಾಡ, "ಈ ಸಲ ಚೀಟಿದಾಗ ಬರೆಯೂಣೇನ್ರಿ" ಅಂತ ಇಬ್ಬರೂ ಕೂಡಿ ಕೇಳ್ರಿ, ಓದು ಬರಹ ಬರದವರು ಅಡ್ಡಗೆರಿ ಉದ್ದಗೆರಿ ಹಾಕಲಿ. ಏನಾತು ಅನ್ನೋದನ್ನ ಮತ್ತ ಇನ್‌ಲ್ಯಾಂಡಿನಾಗೇ ಬರೀರಿ, ನಿಮ್ಮ ಅಕ್ಷರ ಭಾಳ ಚೊಲೊ ಅದಾವ.